ಹದಿನೇಳರ ಮಗ್ಗಿ

ನನ್ನ ಶಾಲೆಯಲ್ಲಿ ಈಗ ಮಗ್ಗಿ ಹೇಳಿಕೊಡುವುದಿಲ್ಲ. ಇದಕ್ಕೆ ಊರಿನ ಅರ್ಧ ಜನ ಸಿಟ್ಟಾಗಿದ್ದಾರೆ. ಮಗಳಿಗೆ ಬೈಕು ಕಲಿಸಲು ಕರೆತಂದವರು ಗೇಟಿನಿಂದಲೇ ವಾಪಸು ಹೋಗುತ್ತಾರೆ. ಹೋಗುವಾಗ ನಮ್ಮಪ್ಪನ ಹೆಸರು ತೆಗೆದು, ಅಂಥವನ ಹೊಟ್ಟೆಯಲ್ಲಿ ಇಂಥವಳು ಹುಟ್ಟಿದಳಲ್ಲ ಎಂದು ಮರುಗುತ್ತಾರೆ. ಮರುಗಲಿ. ಒಬ್ಬೊಬ್ಬರಿಗೂ ಬಿಡಿಸಿ ಹೇಳುವಷ್ಟು ತಾಳ್ಮೆ ನನಗಿಲ್ಲ. ಒಂದೇ ಸಲ ಬರೆದು ಗೇಟಿಗೆ ಅಂಟಿಸಿಬಿಡೋಣ ಎಂದು ಕೂತೆ. ಬರೆಯುತ್ತ ಹೋದಂತೆ ಇದು ಗೇಟಿಗೆ ಅಂಟಿಸುವಂಥದ್ದಲ್ಲ ಎಂದು ಗೊತ್ತಾಯಿತು. ಆದರೂ ನಿಲ್ಲಿಸಲಿಲ್ಲ.

ಹೊರಗಿನವರಿಗೆ ಒಂದು ಮಾತು ಹೇಳಬೇಕು. ನಮ್ಮೂರಿನಲ್ಲಿ ಓಡುವ ಎರಡು ಗಾಡಿಗಳು ಅಕ್ಕಪಕ್ಕಕ್ಕೆ ಬಂದರೆ, ಬಂದಷ್ಟು ಹೊತ್ತು, ಒಬ್ಬರ ಮನಸ್ಸು ಇನ್ನೊಬ್ಬರಿಗೆ ಕೇಳಿಸುತ್ತದೆ. ನಿಂತ ಗಾಡಿಗಳಿಗೆ ಈ ತೊಂದರೆ ಇಲ್ಲ. ಎದುರಿನಿಂದ ಬಂದು ಹಾದುಹೋಗುವವರದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಒಂದು ಅಕ್ಷರ, ಹೆಚ್ಚೆಂದರೆ ಒಂದು ಬೈಗುಳ. ಕಷ್ಟವಿರುವುದು ಮುಂದಿನ ಗಾಡಿಯನ್ನು ಹಿಂದಿಕ್ಕುವಾಗ, ನಮ್ಮ ಮಾತಿನಲ್ಲಿ ಸೈಡ್ ಹೊಡೆಯುವಾಗ. ಹಾಲಿಗೆ ನೀರು ಬೆರೆಸುವ ನಮ್ಮ ಬೀದಿಯ ಹಾಲಿನವನು ಇಂದಿಗೂ ಕ್ಯಾನು ಹೊತ್ತು ನಡೆದೇ ಬರುತ್ತಾನೆ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದಾದ ಮೇಲೆ, ಹುಡುಗನ ಬೈಕಿನ ಪಕ್ಕದಲ್ಲಿ ಹುಡುಗಿಯ ಸೋದರಮಾವ ತನ್ನ ಸ್ಕೂಟರು ಓಡಿಸಿಕೊಂಡು ಹತ್ತು ಕಂಬದಷ್ಟು ದೂರ ಹೋಗಿಬರುವ ಶಾಸ್ತ್ರವಿದೆ. ಎಷ್ಟೋ ಮದುವೆಗಳು ಆರನೆಯ ಕಂಬದಲ್ಲಿ ಮುರಿದುಬಿದ್ದಿವೆ. ಆದರೆ ಮದುವೆಯಾದವರಿಗೆ ಇದೆಲ್ಲ ನಿಷಿದ್ಧ. ತಾಳಿ ಕಟ್ಟಿದ ಕೂಡಲೇ ಗಂಡುಹೆಣ್ಣು ಒಂದೇ ಬೈಕಿನ ಹ್ಯಾಂಡಲ್ ಹಿಡಿದು, ಇನ್ನು ಮೇಲೆ ಒಬ್ಬರ ಪಕ್ಕಕ್ಕೊಬ್ಬರು ಗಾಡಿ ತರುವುದಿಲ್ಲ ಎಂದು ಆಣೆ ಮಾಡುತ್ತಾರೆ. ಹಿರಿಯರು ಯಾಕೆ ಹೀಗೆ ಮಾಡಿದರು ಎಂಬುದನ್ನು ಸಂಸಾರ ಮಾಡಿದವರಿಗೆ ಹೇಳಬೇಕಾಗಿಲ್ಲ.

ನಮ್ಮಪ್ಪ ಕಟ್ಟಿದ ಶಾಲೆಯಲ್ಲಿ ಕಲಿಸುವುದು ಒಂದೇ ವಿದ್ಯೆ, ಬೈಕಿನ ಮೇಲೆ ಕೂತು ಕ್ಷೇಮವಾಗಿ ಸೈಡ್ ಹೊಡೆಯುವುದು. ಅಪ್ಪ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದ್ದು ಇನ್ನೂ ಇದೆ. ಮುಂದಿನ ಗಾಡಿಯ ಬಾಲಕ್ಕೆ ಅಂಟಿಕೊಂಡು ಹೋಗಬೇಡ, ಅಂಟಿಕೊಂಡರೆ ಅದರ ಮುಂದಿನ ರಸ್ತೆ ಕಾಣುವುದಿಲ್ಲ. ಅವನ ಕನ್ನಡಿಯಲ್ಲಿ ಅವನ ಮುಖ ನಿನಗೆ ಕಂಡರೆ ಮಾತ್ರ ನೀನು ಅವನಿಗೆ ಕಂಡೀಯೆ. ತಿರುವು, ಸೇತುವೆ, ದಿಬ್ಬದ ನೆತ್ತಿ, ಇಲ್ಲೆಲ್ಲ ಆಸೆಯನ್ನೇ ಪಡಬೇಡ. ಹಾದುಹೋದ ಮೇಲೆ ಅವನ ಎರಡೂ ದೀಪ ನಿನ್ನ ಕನ್ನಡಿಯಲ್ಲಿ ಕಾಣುವವರೆಗೆ ಎಡಕ್ಕೆ ಬರಬೇಡ. ಲಾರಿ ಓಡಿಸುವವರು ಒಳ್ಳೆಯವರಾದರೆ, ಬೈಕು ಪೂರ್ತಿ ಹಾದ ಮೇಲೆ, ಹಗಲಾದರೂ ಒಮ್ಮೆ ದೀಪ ಮಿನುಗಿಸುತ್ತಾರೆ. ಜಾಗ ಐತಿ, ಒಳಗ ಬಾ ಎಂದು ಅದರ ಅರ್ಥ. ಇವನ್ನೆಲ್ಲ ಈಗಲೂ ಕಲಿಸುತ್ತೇನೆ. ಕೊನೆಯ ಸಾಲಿಗೆ ಮಾತ್ರ ಸುಣ್ಣ ಬಳಿದಿದ್ದೇನೆ. ಅಲ್ಲಿ, ಪಕ್ಕಕ್ಕೆ ಹೋದ ಕೂಡಲೇ ಮಗ್ಗಿ ಶುರು ಮಾಡು ಎಂದು ಬರೆದಿತ್ತು.

ಮಗ್ಗಿ ಹೇಳುತ್ತಿರುವ ಮನಸ್ಸಿನಲ್ಲಿ ಮಗ್ಗಿಯ ಹೊರತು ಇನ್ನೇನೂ ಕೇಳಿಸುವುದಿಲ್ಲ. ಅಪ್ಪ ಕಂಡುಹಿಡಿದ ಉಪಾಯ ಇದು. ಊರು ಅವನನ್ನು ದೇವರಂತೆ ಕಂಡಿತು. ಮನೆಮನೆಗೊಂದು ಮಗ್ಗಿಯಾಯಿತು. ನಮ್ಮ ಮನೆಯದು ಹದಿನೇಳರದು. ಏಳನೆಯ ವಯಸ್ಸಿನಲ್ಲಿ ಅಪ್ಪನ ಸೈಕಲ್ಲಿನ ಪಕ್ಕ ಸೈಕಲ್ಲು ಓಡಿಸುತ್ತ ಕಲಿತದ್ದು. ಈಗ ನಲವತ್ತಾರರಲ್ಲಿ, ನನ್ನ ಪಕ್ಕಕ್ಕೆ ಒಂದು ಗಾಡಿ ಬಂದರೆ ಸಾಕು, ಸೀನು ಬಂದಹಾಗೆ ಅದು ತಾನಾಗಿ ಬರುತ್ತದೆ. ತಡೆಯಲು ನಾನೆಂದೂ ಪ್ರಯತ್ನಿಸಿರಲಿಲ್ಲ.

ಆ ದಿನ ಗುರುವಾರ. ಹೊತ್ತು ಹನ್ನೊಂದಾಗಿರಬೇಕು. ಅಂಗಳದಲ್ಲಿ ಬೈಕಿನ ಚೈನಿಗೆ ಎಣ್ಣೆ ಹಾಕುತ್ತಿದ್ದೆ. ಪಂಕ್ಚರ್ ಅಂಗಡಿಯ ದಾವಲಸಾಬ ಓಡಿ ಬಂದ. ಅವನ ಒಂದು ಕೈಯಲ್ಲಿ ನಟ್ಟು ಬಿಗಿಯುವ ಉದ್ದನೆಯ ಪಾನಾ, ಇನ್ನೊಂದು ಕೈ ಮುಷ್ಟಿ ಕಟ್ಟಿತ್ತು.

"ಚಂಪಕ್ಕಾ, ಮೈಲಾರಿ ಎಲ್ಲಿ?"

"ಕಲ್ಲಿನ ಲೋಡು ತಗೊಂಡು ಈಗರ ಹೋದ. ಯಾಕೋ?"

ಮೈಲಾರಿ ನನ್ನ ಗಂಡ. ಗಂಡನ ಹೆಸರು ಹಿಡಿದು ಕರೆಯುವವಳು ನಾನೊಬ್ಬಳೇ ಎಂದು ಊರವರು ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ. ಅವನದು ಲಾರಿ. ನೆಲಕ್ಕೆ ಹಾಸುವ ಚಪ್ಪಡಿ ಕಲ್ಲು ತುಂಬಿಕೊಂಡು ಇಳುಕಲಿನ ಆಚೆಯ ಊರುಗಳಿಗೆ ಹೋಗುತ್ತಾನೆ.

ದಾವಲಸಾಬ ಮುಷ್ಟಿ ಬಿಚ್ಚಿದ. ಅಂಗೈಯಲ್ಲಿ ಎರಡು ದಪ್ಪ ನಟ್ಟುಗಳಿದ್ದವು. "ಹಿಂದಿನ ಬಲಗಡೆ ಗಾಲಿದು. ಆರು ನಟ್ಟು ಬರೇ ಕೈಯಿಂದ ತಿರುವಿದ್ದೆ ಅಕ್ಕಾ. ಇವೆರಡು ಹಾಕೇ ಇಲ್ಲ. ಪಾನಾ ಟ್ರ್ಯಾಕ್ಟರಿನಾಂವ ಒಯ್ದಿದ್ದ, ತರಾಕ ಹೋದೆ. ಜಾಕು ಇಳಿಸಿದ್ದು ನೋಡಿ ಮೈಲಾರಿ ಕೆಲಸ ಮುಗೀತಂತ ತಿಳಕೊಂಡು ಗಾಡಿ ತಗೊಂಡು ಹೋಗ್ಯಾನ."

ನಾನು ಫೋನು ಮಾಡಿದೆ. ಅದು ನನ್ನ ಬೆನ್ನ ಹಿಂದೆಯೇ, ಒಳಗಿನ ಮೇಜಿನ ಮೇಲೆ ರಿಂಗಾಯಿತು. ಮೈಲಾರಿ ಫೋನು ಮರೆಯುವುದು ವಾರಕ್ಕೆ ಮೂರು ಸಲ.

"ಎಷ್ಟು ಹೊತ್ತಾತು?"

"ಹತ್ತು ಮಿನಿಟು. ಇಳುಕಲ ಮುಟ್ಟೋತನಕ ತಡೀತೈತಿ ಅಂತ ಅನಿಸ್ತದ. ಇಳುಕಲದಾಗ ಬ್ರೇಕು ಒತ್ತಿದಾಗ…"

ನಮ್ಮೂರಿನಿಂದ ಹೊರಟ ರಸ್ತೆ ಇಪ್ಪತ್ತು ಕಿಲೋಮೀಟರು ನೆಟ್ಟಗೆ ಬಯಲಿನಲ್ಲಿ ಹೋಗಿ, ಆಮೇಲೆ ಏಳು ತಿರುವುಗಳಲ್ಲಿ ಕೆಳಗಿಳಿಯುತ್ತದೆ. ಅದನ್ನೇ ಇಳುಕಲು ಎನ್ನುತ್ತೇವೆ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ. ಹನ್ನೆರಡು ಟನ್ ಕಲ್ಲು ಹೊತ್ತ ಲಾರಿಯ ಗಾಲಿ ಅಲ್ಲಿ ಕಳಚಿದರೆ ಮೈಲಾರಿಯನ್ನು ಎತ್ತಿ ತರಲು ಹಗ್ಗ ಬೇಕು. ಪಾನಾವನ್ನು ಕ್ಯಾರಿಯರಿಗೆ ಬಿಗಿದೆ, ನಟ್ಟುಗಳನ್ನು ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿದೆ, ಬೈಕು ಒದ್ದು ಹೊರಟೆ.

ಹೆಲ್ಮೆಟ್ಟಿನೊಳಗೆ ಲೆಕ್ಕ ಹಾಕಿದೆ. ಅವನದು ನಲವತ್ತೈದರ ವೇಗ, ನನ್ನದು ಎಂಬತ್ತು. ಹದಿನೇಳನೆಯ ಕಿಲೋಮೀಟರಿನ ಹೊತ್ತಿಗೆ ಸಿಗುತ್ತಾನೆ. ಉಳಿಯುವುದು ಮೂರು ಕಿಲೋಮೀಟರು. ಅಷ್ಟರಲ್ಲಿ ಅವನ ಮುಂದಕ್ಕೆ ಹೋಗಿ ನಿಲ್ಲಿಸಬೇಕು. ಮುಂದಕ್ಕೆ ಹೋಗಬೇಕೆಂದರೆ ಪಕ್ಕದಿಂದಲೇ ಹೋಗಬೇಕು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಒಮ್ಮೆಯೂ ಹೋಗಿರಲಿಲ್ಲ.

ಆಣೆ ಮುರಿಯುವ ಭಯ ನನಗಿರಲಿಲ್ಲ. ನನ್ನ ಭಯವೇ ಬೇರೆ. ಮದುವೆಯಾದ ಮೂರನೆಯ ವರ್ಷ ನಾನು ಮನೆ ಬಿಟ್ಟು ಹೋಗಲು ಟ್ರಂಕು ಕಟ್ಟಿದ್ದೆ. ಅವನು ಹೊಡೆದವನಲ್ಲ, ಬೈದವನಲ್ಲ. ಮಾತೇ ಆಡುತ್ತಿರಲಿಲ್ಲ, ಅಷ್ಟೆ. ಊಟಕ್ಕೆ ಕೂತರೆ ತಟ್ಟೆ ನೋಡುತ್ತಿದ್ದ, ಎದ್ದರೆ ಬಾಗಿಲು ನೋಡುತ್ತಿದ್ದ. ಆಗ ಅವನು ಬಸ್ಸಿನ ಡ್ರೈವರು, ಬೆಳಗಿನ ಬಸ್ಸು ಅವನದು. ಮಧ್ಯಾಹ್ನದ್ದನ್ನು ಬೇರೊಬ್ಬ ಓಡಿಸುತ್ತಿದ್ದ. ಅದಕ್ಕೇ ಮಧ್ಯಾಹ್ನ ಆರಿಸಿಕೊಂಡು, ಯಾರ ಕಣ್ಣಿಗೂ ಬೀಳದಂತೆ ಊರ ಹೊರಗಿನ ಹುಣಸೆಮರದ ಸ್ಟಾಪಿನಲ್ಲಿ ಟ್ರಂಕಿನ ಮೇಲೆ ಕೂತೆ. ಐದು ಗಂಟೆಯವರೆಗೆ ಕಾದೆ. ಬಸ್ಸು ಬರಲಿಲ್ಲ. ಎದ್ದು ಮನೆಗೆ ಬಂದು ಅನ್ನಕ್ಕಿಟ್ಟೆ. ಮರುವಾರವೇ ಮೈಲಾರಿ ಬಸ್ಸು ಬಿಟ್ಟು ಲಾರಿ ಹಿಡಿದ. ಯಾಕೆಂದು ಕೇಳಿದರೆ ಬಸ್ಸಿನಲ್ಲಿ ಜನ ಬಹಳ ಎಂದ. ಆಶ್ಚರ್ಯವೆಂದರೆ ಅಂದಿನಿಂದ ಮಾತಾಡತೊಡಗಿದ. ಊಟಕ್ಕೆ ಕೂತು, ದಾರಿಯಲ್ಲಿ ಕಂಡ ನವಿಲಿನಿಂದ ಹಿಡಿದು ಢಾಬಾದಲ್ಲಿ ಸುಟ್ಟ ರೊಟ್ಟಿಯವರೆಗೆ ಎಲ್ಲ ಹೇಳುವವನು. ನಾನು ಉಳಿದೆ. ಆದರೆ ಆ ಟ್ರಂಕಿನ ಸುದ್ದಿ ಅವನಿಗೆ ಗೊತ್ತಾದರೆ ಮತ್ತೆ ಬಾಯಿ ಮುಚ್ಚಿಬಿಡುತ್ತಾನೆ ಎಂಬ ಭಯ ಹತ್ತೊಂಬತ್ತು ವರ್ಷ ನನ್ನ ಜೊತೆಗೇ ಇತ್ತು.

ಇಳುಕಲಿಗೆ ಮೂರು ಎಂದು ಬರೆದ ಕಲ್ಲಿನ ಹತ್ತಿರ ಲಾರಿಯ ಬೆನ್ನು ಸಿಕ್ಕಿತು. ಅಪ್ಪ ಹೇಳಿದಂತೆ ದೂರದಲ್ಲೇ ಉಳಿದು ನೋಡಿದೆ. ಹಿಂದಿನ ಬಲಗಾಲಿ ನೆಟ್ಟಗೆ ತಿರುಗುತ್ತಿರಲಿಲ್ಲ, ಕುಣಿಯುತ್ತಿತ್ತು. ನೋಡುತ್ತಿದ್ದಂತೆಯೇ ಅದರಿಂದ ಏನೋ ಸಿಡಿದು ರಸ್ತೆಯ ಮೇಲೆ ಟಣ್ಣೆಂದು ಪುಟಿದು ನನ್ನ ಮುಂಗಾಲಿಯ ಪಕ್ಕದಿಂದ ಹೋಯಿತು. ಇನ್ನೊಂದು ನಟ್ಟು.

ಹಾರ್ನ್ ಹೊಡೆದೆ. ದೀಪ ಹಾಕಿದೆ. ಅವನ ಬಲಗನ್ನಡಿಯಲ್ಲಿ ಅವನ ಮುಖ ಕಾಣುವಷ್ಟು ಬಲಕ್ಕೆ ಸರಿದೆ. ಕಂಡಿತು. ಅವನೂ ನನ್ನನ್ನು ಕಂಡ. ಸೆರಗಿನ ಗಂಟು ಎತ್ತಿ ತೋರಿಸಿದೆ, ಗಾಲಿಯ ಕಡೆ ಕೈ ಮಾಡಿದೆ, ನಿಲ್ಲಿಸು ನಿಲ್ಲಿಸು ಎಂದು ಕೈ ಆಡಿಸಿದೆ. ಕನ್ನಡಿಯಲ್ಲಿ ಅವನಿಗೆ ಕಂಡದ್ದು ಇಷ್ಟೆ, ಹೆಂಡತಿ ಆಣೆ ಮುರಿದು ಪಕ್ಕಕ್ಕೆ ಬರಲು ಹಟ ಹಿಡಿದಿದ್ದಾಳೆ. ಆಗ ಅವನು ನಮ್ಮೂರಿನ ಯಾವ ಗಂಡನಾದರೂ ಮಾಡುವುದನ್ನೇ ಮಾಡಿದ. ಕಿಟಕಿಯಿಂದ ಕೈ ಹೊರಹಾಕಿ, ಬೇಡ ಎಂದು ಅಲ್ಲಾಡಿಸಿ, ಎಕ್ಸಿಲೇಟರ್ ಒತ್ತಿದ.

ನಲವತ್ತೈದು ಐವತ್ತೈದಾಯಿತು, ಐವತ್ತೈದು ಅರವತ್ತಾಯಿತು. ಗಾಲಿಯ ಕುಣಿತ ಹೆಚ್ಚಿತು. ನಾನು ಬೆನ್ನು ಹತ್ತಿದಷ್ಟೂ ಅವನು ಸಾವಿನ ಕಡೆಗೆ ಓಡುತ್ತಿದ್ದ. ಹಿಂದೆ ಉಳಿದರೂ ಕೆಟ್ಟಿತು, ಮುಂದೆ ಹೋದರೂ ಕೆಟ್ಟಿತು. "ಮೈಲಾರಿ, ಹುಚ್ಚಪ್ಪಾ, ನಿಲ್ಲಸೋ!" ಎಂದು ಹೆಲ್ಮೆಟ್ಟಿನೊಳಗೆ ಕಿರುಚಿದೆ. ನನ್ನ ಕಿವಿಗೇ ನೋವಾಯಿತು.

ಮೊದಲ ಸಲ ಬಲಕ್ಕೆ ಬಂದಾಗ ಎದುರಿಗೆ ಬಸ್ಸಿತ್ತು. ಹಿಂದಕ್ಕೆ ಸರಿದೆ. ಅರ್ಧಕ್ಕೆ ಹೋದವರು ಧೈರ್ಯ ಮಾಡಿ ನುಗ್ಗುವುದಕ್ಕಿಂತ, ನಾಚಿಕೆಯಿಲ್ಲದೆ ವಾಪಸು ಬರುವುದೇ ಜಾಣತನ ಎಂದು ನಾನೇ ಮಕ್ಕಳಿಗೆ ಹೇಳುತ್ತೇನೆ. ಬಸ್ಸು ಹಾದ ಮೇಲೆ ಮತ್ತೆ ಬಂದೆ. ಈ ಸಲ ಮೈಲಾರಿ ಲಾರಿಯನ್ನೇ ರಸ್ತೆಯ ನಡುವಿಗೆ ತಂದ. ಬಲಗಡೆ ಉಳಿದದ್ದು ಎರಡು ಅಡಿ ಡಾಂಬರು, ಆಮೇಲೆ ಜಲ್ಲಿ. ಜಲ್ಲಿಯ ಮೇಲೆ ಸೈಡ್ ಹೊಡೆಯುವವರನ್ನು ನಾನು ಶಾಲೆಯಿಂದ ಓಡಿಸಿದ್ದೇನೆ. ಮತ್ತೆ ಹಿಂದಕ್ಕೆ ಸರಿದೆ. ಎರಡು ಎಂದು ಬರೆದ ಕಲ್ಲು ಹೋಯಿತು.

ಇಳುಕಲಿಗೆ ಒಂದೂವರೆ ಕಿಲೋಮೀಟರು ಇರುವಾಗ ಹಳೆಯ ಸುಂಕದ ಕಟ್ಟೆ ಬರುತ್ತದೆ. ಕಟ್ಟೆ ಕೆಡವಿ ವರ್ಷಗಳಾದವು, ರಸ್ತೆ ಮಾತ್ರ ಅಲ್ಲಿ ಕಾಲು ಕಿಲೋಮೀಟರಿನಷ್ಟು ಅಗಲವಾಗಿ ಉಳಿದಿದೆ. ಅಲ್ಲಿ ಅವನು ನನ್ನನ್ನು ತಡೆಯಲಾರ. ಅಗಲ ಮುಗಿಯುವಷ್ಟರಲ್ಲಿ ಹಾದುಬಿಡಬೇಕು. ದೂರದಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಎದುರಿಗೆ ಬರುತ್ತಿರುವುದು ಚುಕ್ಕೆಯಷ್ಟು ಕಾಣಿಸುತ್ತಿತ್ತು. ಇದೇ ಕೊನೆಯ ಜಾಗ. ಗೇರು ಇಳಿಸಿ, ಬಲಕ್ಕೆ ತಿರುಗಿಸಿ, ಎಕ್ಸಿಲೇಟರ್ ಪೂರ್ತಿ ತಿರುವಿದೆ.

ಗಾಲಿ ನನ್ನ ಎಡಮೊಣಕಾಲಿನ ಪಕ್ಕಕ್ಕೆ ಬಂತು. ಅದರ ಗಾಳಿ ಸೀರೆಗೆ ಬಡಿಯಿತು. ಲಾರಿಯ ಉದ್ದಕ್ಕೂ ಮುಂದೆ ಹೋಗಿ ಡ್ರೈವರ್ ಬಾಗಿಲಿನ ಕೆಳಗೆ ಮುಟ್ಟಿದೆ. ಅವನಿಗೆ ಕೂಗಿ ಹೇಳಬೇಕಾಗಿಯೂ ಇಲ್ಲ, ಮನಸ್ಸಿನಲ್ಲಿ ಅಂದುಕೊಂಡರೆ ಸಾಕು. ಅಂದುಕೊಳ್ಳಲು ಹೊರಟೆ.

ಹದಿನೇಳೊಂದ್ಲೆ ಹದಿನೇಳು. ಹದಿನೇಳೆರಡ್ಲೆ ಮೂವತ್ನಾಲ್ಕು.

ಅದು ತಾನಾಗಿಯೇ ಶುರುವಾಗಿತ್ತು. ನನ್ನ ತಲೆಯಲ್ಲಿ ಅದನ್ನು ಬಿಟ್ಟು ಏನೂ ಇರಲಿಲ್ಲ. ಅದರ ಮೇಲೆ, ಬಾಗಿಲಿನ ಕಡೆಯಿಂದ, ಗಂಡಸಿನ ಮನಸ್ಸೊಂದು ಗಡಿಬಿಡಿಯಿಂದ ಓಡುವುದು ಕೇಳಿಸಿತು. ಹದಿಮೂರೊಂದ್ಲೆ ಹದಿಮೂರು, ಹದಿಮೂರೆರಡ್ಲೆ ಇಪ್ಪತ್ತಾರು. ಅದು ಅವನ ಮನೆಯ ಮಗ್ಗಿ. ಇಪ್ಪತ್ತೆರಡು ವರ್ಷ ಒಂದೇ ಚಾಪೆಯ ಮೇಲೆ ಮಲಗಿದವರು ಅರವತ್ತರ ವೇಗದಲ್ಲಿ ಒಬ್ಬರಿಗೊಬ್ಬರು ಮಗ್ಗಿ ಒಪ್ಪಿಸುತ್ತಿದ್ದೆವು. ಹಿಂದೆ ಗಾಲಿ ಬಿಚ್ಚುತ್ತಿತ್ತು. ಎದುರಿಗೆ ಚುಕ್ಕೆಯಷ್ಟಿದ್ದ ಟ್ರ್ಯಾಕ್ಟರು ಈಗ ಕಬ್ಬಿನ ಗರಿ ಕಾಣುವಷ್ಟಾಗಿತ್ತು.

ಹದಿನೇಳ್ಮೂರ್ಲೆ ಐವತ್ತೊಂದು. ನಿಲ್ಲಿಸಬೇಕು. ಹದಿನೇಳ್ನಾಲ್ಕ್ಲೆ ಅರವತ್ತೆಂಟು. ಹೇಗೆ ನಿಲ್ಲಿಸುವುದೆಂದು ಅಪ್ಪ ಕಲಿಸಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲವೇನೋ. ಮಗ್ಗಿ ಬಿಟ್ಟರೆ ಗಾಲಿಯೊಂದೇ ಹೊರಗೆ ಬರುವುದಿಲ್ಲ, ಟ್ರಂಕೂ ಬರುತ್ತದೆ ಎಂದು ನನಗೆ ಗೊತ್ತಿತ್ತು. ಬರಲಿ ಎಂದೆ. ಸತ್ತವನಿಂದ ಗುಟ್ಟು ಮುಚ್ಚಿಟ್ಟು ಏನು ಬಂತು, ಬದುಕಿ ಬೇಕಾದರೆ ಸಿಟ್ಟಾಗಲಿ. ಅಪ್ಪನ ಸೈಕಲ್ಲು, ಅಪ್ಪನ ದನಿ, ಎಲ್ಲವನ್ನೂ ತಲೆಯಿಂದ ನೂಕಿ, ಕಣ್ಣೆದುರಿನದನ್ನು ಮಾತ್ರ ಹಿಡಿದೆ. ಟ್ರ್ಯಾಕ್ಟರು. ಡಾಂಬರು. ಗಾಲಿ.

ಗಾಲಿ, ಮೈಲಾರಿ. ಹಿಂದಿನ ಬಲಗಾಲಿ. ನಟ್ಟಿಲ್ಲ. ಬ್ರೇಕು ಒತ್ತಬೇಡ, ಗೇರಿನ ಮೇಲೆ ಇಳಿಸು. ಅದರ ಬೆನ್ನಿಗೇ ಹುಣಸೆಮರ, ಟ್ರಂಕು, ಐದು ಗಂಟೆಯ ಬಿಸಿಲು, ಬಾರದ ಬಸ್ಸು, ಎಲ್ಲ ಒಟ್ಟಿಗೆ ಸುರಿದುಹೋಯಿತು.

ಹದಿಮೂರ್ನಾಲ್ಕ್ಲೆ ಐವತ್ತೆರಡು ಎಂಬಲ್ಲಿ ಅವನ ಮಗ್ಗಿ ತುಂಡಾಯಿತು. ಆಮೇಲೆ ಅವನದು ಕೇಳಿಸಿತು. ಕೇಳಿಸಿತು ಎನ್ನುವುದಕ್ಕಿಂತ ಕಂಡಿತು. ಅದೇ ಹುಣಸೆಮರ. ಆದರೆ ಎತ್ತರದಿಂದ, ದೊಡ್ಡ ಗಾಜಿನ ಆಚೆಯಿಂದ. ಮರದ ಕೆಳಗೆ ಹಸಿರು ಸೀರೆಯ ಹೆಂಗಸೊಬ್ಬಳು ಟ್ರಂಕಿನ ಮೇಲೆ ಕೂತಿದ್ದಾಳೆ. ಇನ್ನೂ ದೂರವಿದ್ದಾಳೆ, ಬಸ್ಸಿನ ಕಡೆ ನೋಡಿಲ್ಲ. ಎರಡು ಕೈ ದೊಡ್ಡ ಸ್ಟೇರಿಂಗನ್ನು ಪೂರ್ತಿ ತಿರುಗಿಸುತ್ತವೆ. ‘ಎಂಜಿನ್ ಕೆಟ್ಟೈತ್ರಿ, ಎಲ್ಲಾರೂ ಊರಾಗ ಇಳೀರಿ’ ಎಂಬ ಅವನದೇ ದನಿ. ಬಸ್ಸು ಬಂದ ದಾರಿಯಲ್ಲೇ ವಾಪಸು ಹೋಗುತ್ತದೆ.

ಆ ಮಧ್ಯಾಹ್ನದ ಬಸ್ಸನ್ನು ಓಡಿಸಿದವನು ಅವನೇ. ಡ್ಯೂಟಿ ಬದಲಾಯಿಸಿಕೊಂಡಿದ್ದ.

ಬೈಕು ಒಂದು ಗೇಣು ಬಲಕ್ಕೆ ಜಾರಿತು. ಟ್ರ್ಯಾಕ್ಟರಿನ ಹಾರ್ನು ಕಿವಿಯೊಳಗೇ ಬಂದಂತಾಯಿತು. ಅಳುವುದು ಬೈಯುವುದು ಆಮೇಲೆ, ಮೊದಲು ರಸ್ತೆ ಎಂದು ನನಗೆ ನಾನೇ ಗದರಿಕೊಂಡೆ. ಲಾರಿಯ ಎಂಜಿನು ಗೊರಗೊರ ಎಂದು ಕೆಳಗಿನ ಗೇರಿಗೆ ಇಳಿಯಿತು, ಅವನು ಹಿಂದಾದ, ನಾನು ಮುಂದಾದೆ. ಕನ್ನಡಿಯಲ್ಲಿ ಎರಡು ದೀಪ ಕಂಡ ಕೂಡಲೇ ಎಡಕ್ಕೆ ಬಿದ್ದೆ. ಕಬ್ಬಿನ ಗರಿಗಳು ನನ್ನ ತೋಳು ಸವರಿಕೊಂಡು ಹೋದವು.

ಲಾರಿ ನಿಧಾನವಾಗಿ ಮಣ್ಣಿಗಿಳಿದು, ಇಳುಕಲಿನ ಮೊದಲ ತಿರುವಿಗೆ ಮುನ್ನೂರು ಹೆಜ್ಜೆ ಇರುವಂತೆ ನಿಂತಿತು. ಮೈಲಾರಿ ಇಳಿದು ಬಂದು ಗಾಲಿ ನೋಡಿದ. ಮೂರು ನಟ್ಟು ಉಳಿದಿದ್ದವು. ಒಂದನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿದ, ಕೈಗೇ ಬಂತು. ಅವನು ಅದನ್ನು ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕೂತ. ನಾನು ಪಾನಾ ಬಿಚ್ಚಿ ಅವನ ಮುಂದೆ ಎಸೆದೆ.

ಒಬ್ಬರ ಮುಖ ಒಬ್ಬರು ನೋಡದೆ ಕೆಲಸ ಮಾಡಿದೆವು. ಸೆರಗಿನಲ್ಲಿದ್ದ ಎರಡು ಹಾಕಿ, ಬೇರೆ ಗಾಲಿಗಳಿಂದ ಒಂದೊಂದು ಕಿತ್ತು ತಂದು, ಎಂಟೂ ತುಂಬಿಸಿದೆವು. ಅವನು ಪಾನಾದ ಮೇಲೆ ನಿಂತು ಮೈಭಾರ ಹಾಕಿ ಬಿಗಿದ. ಕೊನೆಯದು ಬಿಗಿದಾದ ಮೇಲೆ, ಗಾಲಿಗೇ ಹೇಳುವವನ ಹಾಗೆ, "ನೀ ಹೋಗಿಬಿಡತಿದ್ದಿ" ಎಂದ.

"ಹೋಗತಿದ್ನೋ, ಇಲ್ಲಾ ಬಸ್ಸು ಕಂಡ ಕೂಡಲೇ ಎದ್ದು ಮನೀಗೆ ಬರತಿದ್ನೋ, ಅದು ನನಗ ಗೊತ್ತಾಗಲೇ ಇಲ್ಲಲ್ಲೋ. ಬಸ್ಸು ಬರಲಿಲ್ಲ ಅಂತ ಉಳದೆ ಅಂದಕೊಂಡೇ ಹತ್ತೊಂಬತ್ತು ವರ್ಷ ಬಾಳೇ ಮಾಡೀನಿ. ನೀ ಬಸ್ಸು ತಂದು ನಿಂದರಸಬೇಕಾಗಿತ್ತು."

"ಅಂಜಿಕಿ ಬಂತು ಚಂಪಾ."

"ನನಗ ಸಿಟ್ಟು ಬಂದೈತಿ."

"ಬರಲಿ," ಎಂದ. ಪಾನಾ ಎತ್ತಿ ನನ್ನ ಕೈಗೆ ಕೊಡುತ್ತ, "ಅವತ್ತ ರಾತ್ರಿ ನೀ ಅನ್ನ ಬಡಸಿದಿ. ಇನ್ನ ಬಾಯಿ ಮುಚ್ಚಿಕೊಂಡು ಉಣ್ಣಬಾರದು ಅಂತ ಅವತ್ತ ಅಂದಕೊಂಡೆ," ಎಂದ.

ನನಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ಅವನನ್ನು ಉಳಿಸಿದ್ದಕ್ಕೆ ಸಂತೋಷವೂ ಆಗಿತ್ತು. ಲೋಡು ಮುಟ್ಟಿಸಲೇಬೇಕು, ಕಲ್ಲು ತರಿಸಿದವರು ಕಾಯುತ್ತಾರೆ ಎಂದ. ಇಳುಕಲು ಇಳಿಯುವವರೆಗೆ ಗಾಲಿ ನೋಡುತ್ತ ಹಿಂದೆ ಬರುತ್ತೇನೆ, ಆಮೇಲೆ ನನ್ನ ದಾರಿ ನನಗೆ ಎಂದೆ. ಯಾವ ದಾರಿ ಎಂದು ಅವನು ಕೇಳಲಿಲ್ಲ. ನನಗೂ ಗೊತ್ತಿರಲಿಲ್ಲ. ಬೈಕಿನ ಟ್ಯಾಂಕಿನಲ್ಲಿ ಪೆಟ್ರೋಲು ಮುಕ್ಕಾಲಿತ್ತು. ಇಳುಕಲಿನ ಕೆಳಗೆ ರಸ್ತೆ ಎಲ್ಲ ಕಡೆಗೂ ಹೋಗುತ್ತದೆ, ಈಗ ನನಗೆ ಯಾರ ಬಸ್ಸೂ ಬೇಕಾಗಿರಲಿಲ್ಲ.

ಏಳು ತಿರುವುಗಳನ್ನು ಉಸಿರು ಹಿಡಿದು ಇಳಿದೆವು. ಪ್ರತಿ ತಿರುವಿನಲ್ಲೂ ನನ್ನ ಕಣ್ಣು ಆ ಎಂಟು ನಟ್ಟಿನ ಮೇಲೆ. ಒಂದೂ ಅಲುಗಲಿಲ್ಲ. ಕೆಳಗೆ ರಸ್ತೆ ನೆಟ್ಟಗಾಯಿತು. ಆಗ ಲಾರಿ ಎಡಕ್ಕೆ ಸರಿದು, ಅಂಚಿಗೆ ಒತ್ತಿಕೊಂಡು, ವೇಗ ನಲವತ್ತಕ್ಕೆ ಇಳಿಸಿತು. ಕಿಟಕಿಯಿಂದ ಕೈ ಹೊರಬಂದು ನಿಧಾನವಾಗಿ ಮುಂದಕ್ಕೆ ಬೀಸಿತು. ಹೋಗು ಎಂದು. ನನ್ನ ಗಂಡ ನನಗೆ ಸೈಡ್ ಕೊಡುತ್ತಿದ್ದ. ಹತ್ತೊಂಬತ್ತು ವರ್ಷ ತಡವಾಗಿ ಬಸ್ಸು ತಂದು ನಿಲ್ಲಿಸುತ್ತಿದ್ದ.

ಎದುರು ನೋಡಿದೆ, ಕನ್ನಡಿ ನೋಡಿದೆ, ಹೆಗಲ ಮೇಲಿಂದ ಒಮ್ಮೆ ಹಿಂದೆ ನೋಡಿದೆ. ಹಾರ್ನ್ ಹೊಡೆದು ಬಲಕ್ಕೆ ಬಂದೆ. ಗಾಲಿ ಹಾದೆ, ಕಲ್ಲಿನ ಲೋಡು ಹಾದೆ, ಬಾಗಿಲಿನ ಪಕ್ಕಕ್ಕೆ ಬಂದೆ. ಹದಿನೇಳು ಬರಲಿಲ್ಲ. ಹದಿಮೂರೂ ಕೇಳಿಸಲಿಲ್ಲ. ಬಾ ಎಂದಿರಲಿಲ್ಲ, ಹೋಗಬೇಡ ಎಂದಿರಲಿಲ್ಲ, ಅವನ ಮನಸ್ಸಿನ ತುಂಬ ಇದ್ದದ್ದು ರಸ್ತೆಯೊಂದೇ. ಎದುರಿಗೆ ಯಾರೂ ಇಲ್ಲ, ಹೋಗು. ಹೊಂಡ ಐತಿ, ಬಲಕ್ಕಿರು. ಎದುರಿಗೆ ಯಾರೂ ಇಲ್ಲ, ಹೋಗು.

ನನ್ನ ಮನಸ್ಸಿನಲ್ಲಿ ಏನಿತ್ತೆಂದು ನನಗೆ ಗೊತ್ತಿಲ್ಲ, ನಾನು ಹೊಂಡ ತಪ್ಪಿಸುತ್ತಿದ್ದೆ. ಏನಿತ್ತೋ ಅದು ಅವನಿಗೆ ಕೇಳಿಸಿರಬೇಕು.

ಪೂರ್ತಿ ಹಾದ ಮೇಲೆ ಕನ್ನಡಿಯಲ್ಲಿ ಮೊದಲು ಲಾರಿಯ ಒಂದು ದೀಪ ಕಂಡಿತು, ಆಮೇಲೆ ಇನ್ನೊಂದು. ನಡುಮಧ್ಯಾಹ್ನದ ಆ ಬಿಸಿಲಿನಲ್ಲಿ ಎರಡೂ ಒಮ್ಮೆ ಮಿನುಗಿದವು. ನಾನು ಎಡಕ್ಕೆ, ಅವನ ಮುಂದಕ್ಕೆ ಬಂದೆ. ಬಂದು, ವೇಗವನ್ನು ನಲವತ್ತಕ್ಕೆ ಇಳಿಸಿದೆ.